ಬಾಲದ ಕಡೆಯಿಂದ

ಭೂಮಿಗೂ ಒಂದು ಬಾಲವಿದೆ.
ನಾಯಿಯದರಂತೆ ಡೊಂಕಲ್ಲ, ದಬ್ಬೆ ಕಟ್ಟದೆಯೂ ನೆಟ್ಟಗೆ.
ಸೂರ್ಯನಿಗೆ ಬೆನ್ನು ಮಾಡಿ ಇರುಳಿನ ಕಡೆಗೆ,
ಚಂದ್ರನನ್ನೂ ದಾಟಿ ಇನ್ನೂ ಆಚೆಗೆ
ಬಿರುಗಾಳಿ ಹಿಡಿದು ಜಗ್ಗಿದ ಗೆರೆಗಳ ಬಾಲ.
ಹುಣ್ಣಿಮೆ ಹುಣ್ಣಿಮೆಗೆ ಚಂದ್ರ ಅದರೊಳಗೆ ಹೊಕ್ಕು
ನಾಲ್ಕೈದು ದಿನ ಮಿಂದು ಹೊರಡುತ್ತಾನೆ.
ಪಂಚಾಂಗದಲ್ಲಿ ಇದಕ್ಕೆ ಹೆಸರಿಲ್ಲ.

ತಿಕ್ಸಿಯಲ್ಲಿ, ಲಾಪ್ತೆವ್ ಕಡಲು ಕಲ್ಲಾದ ತಿಂಗಳು,
ಸೂರ್ಯ ಮುಳುಗಿದ ಮೂವತ್ತೊಂದನೆಯ ದಿನ
ತುಯಾರಾ ರಾತ್ರಿಪಾಳಿಗೆ ಬಂದಳು.
ರಾತ್ರಿಪಾಳಿ ಅನ್ನುವುದು ಅಲ್ಲಿ ಬರೀ ಗಡಿಯಾರದ ಮಾತು.
ತುಪ್ಪಳದ ಬೂಟು ಕಳಚಿ, ಚಹಾಕ್ಕೆ ನೀರಿಟ್ಟು
ಕಾಂತಮಾಪಕದ ಮುಂದೆ ಕುಳಿತಳು.
ಗೆರೆ ಸುಮ್ಮನಿತ್ತು. ತೀರಾ ಸುಮ್ಮನೆಯೂ ಅಲ್ಲ,
ಮೆಲ್ಲಗೆ, ಒಲ್ಲದ ಮನಸ್ಸಿನಿಂದ, ಇಳಿಯುತ್ತಿತ್ತು.

ಬಾಲ ಹಿಗ್ಗುತ್ತಿದೆ, ಅಂದುಕೊಂಡಳು.
ಕೆಲಸ ಕಲಿಸಿದ ಗವ್ರೀಲ್ ಮುದುಕ ಹೇಳುತ್ತಿದ್ದ:
"ಹಿಗ್ಗುವಾಗ ಸದ್ದಿಲ್ಲ, ಹುಡುಗಿ.
ಚಡ್ಡಿಯ ಎಲಾಸ್ಟಿಕ್ಕು ಹೇಳಿ ಹರಿಯುತ್ತದೆಯೇ?"
ಇಂಥ ಉಪಮೆಗಳಲ್ಲೇ
ಅರ್ಧ ಭೌತಶಾಸ್ತ್ರ ಕಲಿತವಳು ಅವಳು.

ಹತ್ತಕ್ಕೆ ರೇಡಿಯೋ. ದಿನಾ ಹತ್ತಕ್ಕೆ
ಬೆಟ್ಟದಾಚೆಯ ಹಿಮಸಾರಂಗದ ತಂಡದಿಂದ
(ಎವೆನ್ ಜನ, ಏಳು ಮಂದಿ, ಎರಡು ಡೇರೆ,
ಸಾವಿರದ ಮುನ್ನೂರು ಕೊಂಬಿನ ತಲೆ)
ಮೆಫೋದಿಯ ಗೊಗ್ಗರು ದನಿ:
"ಮೂರನೇ ತಂಡ, ಮೂರನೇ ತಂಡ. ಬದುಕಿದ್ದೇವೆ. ಓವರ್."
ನಿನ್ನೆ ಅದಕ್ಕೊಂದು ಬಾಲ ಸೇರಿತ್ತು:
"ಚಿಕ್ಕವಳ ಜ್ವರ ಇಳಿದಿಲ್ಲ."
ಇವತ್ತು "ಮೂರನೇ ತಂ" ಅಂದಿತು.
ಉಳಿದ "ಡ" ಬರಲಿಲ್ಲ.

ಅಷ್ಟರಲ್ಲಿ ಗೆರೆ ಕಾಲು ಜಾರಿ ಬಾವಿಗೆ ಬಿದ್ದಿತ್ತು.
ಒಂದೂವರೆ ಲಕ್ಷ ಕಿಲೋಮೀಟರು ಹಿಂದೆ ಎಲ್ಲೋ
ಎಳೆದೆಳೆದ ಗೆರೆಗಳು ಹರಿದು,
ಹರಿದ ತುದಿಗಳು ಎದುರುಬದುರು ಗಂಟುಬಿದ್ದು
ಒಂದು ತುಂಡು ಆಚೆ ಹಾರಿತು, ಮರಳಿ ಬಾರದು;
ಇನ್ನೊಂದು ಈಚೆ, ನಮ್ಮ ಕಡೆಗೆ, ಕವಣೆ.
ಕವಣೆಯಲ್ಲಿ ಎಲೆಕ್ಟ್ರಾನು, ಪ್ರೋಟಾನು,
ಜೊತೆಗೆ
(ಇದನ್ನು ಮೊದಲು ಓದಿದ ದಿನ ಅವಳು
ಪುಸ್ತಕ ಮಡಚಿ ಕಿಟಕಿಯ ಬಳಿ ನಿಂತಿದ್ದಳು)
ನಮ್ಮದೇ ಆಮ್ಲಜನಕ.
ಧ್ರುವದ ನೆತ್ತಿಯ ಸೋರುವ ಸೂರಿನಿಂದ
ಇಲ್ಲಿಂದಲೇ ಎದ್ದು ಹೋದದ್ದು,
ಯಾರದೋ ಎದೆಯಲ್ಲಿ ಒಂದು ಗಳಿಗೆ ಇದ್ದಿರಬಹುದಾದದ್ದು,
ಬಾಲದಲ್ಲಿ ಅಲೆದಲೆದು
ಹೋದಾಗಿನ ಸಾವಿರಪಟ್ಟು ಸೊಕ್ಕಿನಲ್ಲಿ
ತವರಿಗೆ ಬರುತ್ತದೆ, ಬಾಗಿಲು ತಟ್ಟದೆ.

ಹೊರಗೆ ಆಕಾಶಕ್ಕೆ ಹಸಿರು ಹತ್ತಿಕೊಂಡಿತು.
ಜ್ಯುಕೇಬಿಲ್, ಅನ್ನುತ್ತಾರೆ ಅವಳ ಸಖಾ ಮಾತಿನಲ್ಲಿ.
ಗ್ಯಾರೇಜಿನ ಸ್ಟೆಪಾನ್ ಸಿಗರೇಟು ಮರೆತು ಕತ್ತೆತ್ತಿ ನಿಂತ.
ಚೆಂದವೇ. ಅಲ್ಲವೆಂದವರಾರು?
ಆ ಚೆಂದದ ಒಡಹುಟ್ಟುಗಳು, ಇನ್ನೂ ಬಿರುಸಿನವು,
ಇನ್ನೂ ಕೆಳಗೆ ನುಗ್ಗಿ, ತೊಂಬತ್ತು ಕಿಲೋಮೀಟರಿನಲ್ಲಿ
ಗಾಳಿಯನ್ನು ಒಡೆದು ಮರಳುಗಾಡು ಮಾಡಿವೆ.
ಮೆಫೋದಿಯ "ಡ" ಅಲ್ಲೇ ಇಂಗಿಹೋಗಿದೆ.

ಕಾರಣ ಗೊತ್ತು. ಗೊತ್ತಿದ್ದು ಏನು ಬಂತು!
ಜ್ವರಕ್ಕೆ ಕಾರಣ ಹೇಳಿದರೆ ಜ್ವರ ಬಿಡುತ್ತದೆಯೇ?
ದಿನಚರಿಯಲ್ಲಿ ಬರೆದಳು: ಹತ್ತೂ ನಾಲ್ಕು, ಸಂಪರ್ಕ ಇಲ್ಲ.
ಹತ್ತೂವರೆಗೆ ಕರೆದಳು. ಹನ್ನೊಂದಕ್ಕೆ ಕರೆದಳು.
ತಲುಪುವುದಿಲ್ಲ ಅಂತ ಗೊತ್ತಿದ್ದೂ
ಪ್ರತಿ ಸಲ ಕೊನೆಗೆ "ಓವರ್" ಅಂದಳು,
ಅನ್ನದಿದ್ದರೆ ಅವನು ಮಾತಾಡಲು ಕಾದಿರುತ್ತಾನಲ್ಲ.
ಹೊರಗೆ ಬಂದು ನಿಂತಾಗ ಉಸಿರು ರೆಪ್ಪೆಗೆ ಅಂಟಿ ಬೆಳ್ಳಗಾಯಿತು.
ಇದರಲ್ಲಿ ಎಷ್ಟು ಮೇಲೆ ಹೋಗಬಹುದು,
ಹೋದದ್ದರಲ್ಲಿ ಎಷ್ಟು ತಿರುಗಿ...
ಲೆಕ್ಕ ಬರುತ್ತಿತ್ತು ಅವಳಿಗೆ. ಹಾಕಲಿಲ್ಲ.

ಒಂದೂ ಮುಕ್ಕಾಲಿಗೆ ಗರಗರದೊಳಗಿಂದ
"...ಡ! ಮೂರನೇ ತಂಡ! ಎಲ್ಲಿ ಸತ್ತಿದ್ದಿರಿ ನೀವೆಲ್ಲ?
ಚಿಕ್ಕವಳು ಬೆವತಳು. ಎದ್ದು ಮೀನಿನ ಸಾರು ಕುಡಿದಳು.
ಬ್ಯಾಟರಿ ಕಳಿಸಿ. ಸಕ್ಕರೆ ಕಳಿಸಿ.
ಆಕಾಶ ಏನು ಕುಣಿಯಿತು ಅಂತೀ,
ಕಂಬಳಿ ಸುತ್ತಿ ಹೊರಗೆ ತಂದು ತೋರಿಸಿದೆ. ಓವರ್."

ಬ್ಯಾಟರಿ, ಬರೆದುಕೊಂಡಳು ತುಯಾರಾ. ಸಕ್ಕರೆ.
ಚಹಾದ ನೀರು ಯಾವಾಗಲೋ ಬತ್ತಿ ಪಾತ್ರೆ ಕರಿಹಿಡಿದಿತ್ತು.
ಗೆರೆ ಬಾವಿಯಿಂದ ಹತ್ತಿ ಬಂದು,
ಮೆಲ್ಲಗೆ, ಒಲ್ಲದ ಮನಸ್ಸಿನಿಂದ,
ಮತ್ತೆ ಇಳಿಯತೊಡಗಿತ್ತು.